ಸಹಜ ಪ್ರಶ್ನೆಗಳ ಡಬ್ಬಿ

ತಪಾಸಣೆಗೆ ಬಂದ ಸಾಹೇಬರು ಒಂದನೇ ತರಗತಿಯ ಕುರ್ಚಿಯಲ್ಲಿ ಕೂತು ಕಾಲ ಮೇಲೆ ಕಾಲು ಹಾಕಿದಾಗ ಟೀಚರಮ್ಮ ಮನಸ್ಸಿನಲ್ಲೇ ದೇವರಿಗೆ ಕೈಮುಗಿದರು. ಏಳು ವರ್ಷದಿಂದ ಹಂಗಾಮಿ ಕೆಲಸ. ಇವತ್ತು ಇವರು ಮೆಚ್ಚಿ ಒಂದು ಸಹಿ ಗೀಚಿದರೆ ಕಾಯಂ, ಇಲ್ಲವಾದರೆ ಗಂಟುಮೂಟೆ. ಅವರು ನೋಡಬೇಕಾಗಿದ್ದದ್ದು ಹೊಸ ಯೋಜನೆಯೊಂದನ್ನು: ‘ಮಕ್ಕಳ ಸಹಜ ಪ್ರಶ್ನೆಗಳಿಂದ ತತ್ವಚಿಂತನೆ.’ ಪ್ರತಿ ಬುಧವಾರ, ಹನ್ನೊಂದರಿಂದ ಹನ್ನೊಂದೂ ಇಪ್ಪತ್ತರವರೆಗೆ. ಅದರ ಆಚೆ ಈಚೆಯೂ ಯೋಚಿಸಬೇಕೆಂದು ಸುತ್ತೋಲೆಯಲ್ಲಿ ಎಲ್ಲೂ ಹೇಳಿರಲಿಲ್ಲ.

ಆರು ವರ್ಷದ ಮಕ್ಕಳನ್ನು ನಂಬಿ ಕೂತರೆ ಆದೀತೇ? ಸಹಜ ಪ್ರಶ್ನೆಗಳನ್ನೆಲ್ಲ ಟೀಚರಮ್ಮನೇ ಚೀಟಿಗಳಲ್ಲಿ ಬರೆದು, ಬಿಸ್ಕತ್ತಿನ ಡಬ್ಬಿಗೆ ತುಂಬಿ, ಮಗುವಿಗೊಂದರಂತೆ ಹಂಚಿ, ಹದಿನೈದು ದಿನ ಬಾಯಿಪಾಠ ಮಾಡಿಸಿದ್ದರು. ಕೇಳುವ ಮುಂಚೆ ಗಲ್ಲಕ್ಕೆ ಬೆರಳಿಟ್ಟು ಮನಸ್ಸಿನಲ್ಲೇ ಮೂರು ಎಣಿಸುವುದನ್ನೂ ಕಲಿಸಿದ್ದರು. ಯೋಚಿಸಿದ ಹಾಗೆ ಕಾಣಬೇಕಲ್ಲ.

ಒಬ್ಬಳು ಮಾತ್ರ ಈ ಶಿಸ್ತಿಗೆ ಬಗ್ಗದವಳು. ಅವಳಿಗೆ ಟೀಚರಮ್ಮ ಇಟ್ಟ ಹೆಸರು ಪಿರಿಪಿರಿ. “ಮಿಸ್, ನಿನ್ನೆ ಈಗ ಎಲ್ಲಿದೆ?” “ನಾನು ಕಣ್ಣು ಮುಚ್ಚಿಕೊಂಡಾಗ್ಲೂ ನೀವು ಇರ್ತೀರಾ?” “ಗೊಂಬೆಗೆ ತಾನು ಗೊಂಬೆ ಅಂತ ಗೊತ್ತಾ?” ಬೆಳಗಿಂದ ಸಂಜೆವರೆಗೆ ಇದೇ ತಲೆಹರಟೆ. ಇಂಥ ಕೆಲಸಕ್ಕೆ ಬಾರದ ಪ್ರಶ್ನೆ ಕೇಳುವವಳನ್ನು ತತ್ವಚಿಂತನೆಗೆ ಸೇರಿಸಿಕೊಂಡರೆ ಕೆಟ್ಟಿತು ಎಂದು ಟೀಚರಮ್ಮ ಅವಳನ್ನು ಬೀರುವಿನ ಪಕ್ಕದ ಕೊನೇ ಬೆಂಚಿಗೆ ತಳ್ಳಿದ್ದರು. “ಇವತ್ತು ತುಟಿ ಪಿಟಕ್ ಅನ್ನಬಾರ್ದು. ಆಯ್ತಾ ಪುಟ್ಟಾ?”

ಪಾಠ ಹೂವೆತ್ತಿದಷ್ಟು ಹಗುರಾಗಿ ಸಾಗಿತು. ಮೊದಲ ಮಗು ಗಲ್ಲಕ್ಕೆ ಬೆರಳಿಟ್ಟು, “ಒಂದು, ಎರಡು, ಮೂರು, ನಾನು ಯಾರು?” ಎಂದು ಎಣಿಕೆಯನ್ನೂ ಸೇರಿಸಿ ಕೇಳಿತು. ಎರಡನೆಯದಕ್ಕೆ ಸಂತೋಷ ಎಂದರೇನೆಂದು ತಿಳಿಯಬೇಕಿತ್ತು. ಮೂರನೆಯದು ಪ್ರಶ್ನೆಯ ಬೆನ್ನಿಗೇ ಉತ್ತರವನ್ನೂ ಒಂದೇ ಉಸಿರಿಗೆ ಒದರಿ ಕೂತಿತು. ಸಾಹೇಬರು ತಲೆದೂಗಿ ಪೆನ್ನಿನ ಕ್ಯಾಪು ತೆಗೆದರು. ಅಷ್ಟರಲ್ಲಿ ಅವರ ಕಣ್ಣು ಬೀರುವಿನ ಕಡೆ ಹೊರಳಿತು.

“ಯಾಕಮ್ಮಾ, ನೀನೊಬ್ಳೇ ಸುಮ್ನೆ ಕೂತಿದೀಯಲ್ಲ? ನಿಂಗೇನೂ ಪ್ರಶ್ನೆ ಇಲ್ವಾ?”

ಪಿರಿಪಿರಿ ಟೀಚರಮ್ಮನ ಮುಖ ನೋಡಿದಳು. ಟೀಚರಮ್ಮ ಗೋಡೆ ನೋಡಿದರು.

“ನಂಗೆ ಕೊಟ್ಟಿಲ್ಲ ಸರ್,” ಎಂದಳು. “ಮಿಸ್ಸು ಬೇರೆಯವ್ರಿಗೆಲ್ಲ ಕೊಟ್ಟಿದಾರೆ.”

ಏಳು ವರ್ಷ ದುಡಿದದ್ದೆಲ್ಲ ನೀರಲ್ಲಿ ಹೋಮ ಆಯಿತು ಎಂದುಕೊಂಡರು ಟೀಚರಮ್ಮ. ಸಾಹೇಬರು ಹುಬ್ಬು ಗಂಟಿಕ್ಕಿ ಬರೆದು, ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿದರು: “ಕಾರ್ಯಕ್ರಮ ಅತ್ಯುತ್ತಮ. ಶಿಕ್ಷಕಿಯನ್ನು ಕಾಯಂ ಮಾಡಲು ಶಿಫಾರಸು. ಸಹಜ ಪ್ರಶ್ನೆಗಳ ವಿತರಣೆಯಲ್ಲಿ ಒಂದು ಮಗು ಬಿಟ್ಟುಹೋಗಿದ್ದು, ಕೂಡಲೇ ಸರಿಪಡಿಸತಕ್ಕದ್ದು.”

ಟೀಚರಮ್ಮನಿಗೆ ಹೋದ ಜೀವ ಬಂತು. ಸಾಹೇಬರು ಅತ್ತ ಹೋದದ್ದೇ ತಡ, ಮಿಕ್ಕ ಚೀಟಿಗಳ ಡಬ್ಬಿ ಹಿಡಿದು ಕೊನೇ ಬೆಂಚಿಗೆ ಬಂದರು. “ಮಾನ ಹರಾಜು ಹಾಕೋಕೆ ಹೊರಟಿದ್ಯಲ್ಲೇ. ತಗೋ, ನಿಂಗೂ ಒಂದು. ನಾಳೆಗೆ ಬಾಯಿಪಾಠ ಆಗಿರ್ಬೇಕು,” ಎಂದು ಚೀಟಿ ಬಿಡಿಸಿ ಓದಿದರು: “ಸತ್ಯ ಎಂದರೇನು?”

ಪಿರಿಪಿರಿ ಗಲ್ಲಕ್ಕೆ ಬೆರಳಿಡಲಿಲ್ಲ, ಮೂರು ಎಣಿಸಲೂ ಇಲ್ಲ.

“ಆಗ್ಲೇ ಸರ್‌ಗೆ ಹೇಳಿದ್ನಲ್ಲ, ಅದಾ ಮಿಸ್?”

ಟೀಚರಮ್ಮ ಚೀಟಿಯನ್ನು ಮಡಚಿ ಮತ್ತೆ ಡಬ್ಬಿಗೆ ಹಾಕಿ, ತಳದವರೆಗೆ ಕೈಬಿಟ್ಟು ತಡಕಾಡಿ, ಅದಕ್ಕಿಂತ ಸುಲಭದ್ದೊಂದನ್ನು ಹುಡುಕಿ ಕೊಟ್ಟರು: “ಸಾವು ಎಂದರೇನು?”