ಒಡೆಟ್ ಕೆರೆದ ಬೆಸುಗೆ

"ಚೆನ್ನಾಗಿದೆ ಬಿಡಮ್ಮ, ಪಾಸು," ಎಂದು ಮೇಷ್ಟ್ರು ಫಾಂಟೆನೋ ಟಾರ್ಚು ಆರಿಸಿದರು. ಆದರೆ ಒಡೆಟ್ ತಾನು ಬೆಸೆದ ಪೈಪನ್ನು ಕೈಬಿಡಲಿಲ್ಲ. ಲೂಯಿಸಿಯಾನದ ಆ ಕಮ್ಯುನಿಟಿ ಕಾಲೇಜಿನ ವೆಲ್ಡಿಂಗ್ ತರಗತಿಗೆ ಅದೇ ಕೊನೆಯ ಪರೀಕ್ಷೆ. ಪಾಸಾದವರಿಗೆ ಸೋಮವಾರದಿಂದಲೇ ಹಡಗುಕಟ್ಟೆಯಲ್ಲಿ ಕೆಲಸ. ಇಪ್ಪತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದು, ನಲವತ್ತೆಂಟಕ್ಕೆ ಇಲ್ಲಿ ಸೇರಿದವಳು ಅವಳು.

"ಇಲ್ಲ ಸರ್, ಒಳಗೆ ಪೊಳ್ಳಿದೆ. ಅಡೀಲಿ ಒಂದು ಕಡೆ ಬೆಸುಗೆ ರಾಡು ತಡೆದು ತಡೆದು ಉರೀತು, ಸದ್ದೇ ಬೇರೆ ಬಂತು. ಕೆರೆದು ಮತ್ತೆ ಬೆಸೀತೀನಿ."

"ನನ್ನ ಕಣ್ಣಿಗೆ ಕಾಣದ್ದು ನಿನ್ನ ಕಿವಿಗೆ ಕೇಳಿಸ್ತೇನು? ಕೆರೆದ್ಮೇಲೆ ಈ ಪಾಸು ಲೆಕ್ಕಕ್ಕಿಲ್ಲ, ನೋಡ್ಕೋ. ಇರೋದು ಇಪ್ಪತ್ತೇ ನಿಮಿಷ."

"ಹಂಡೆ ಗಂಬೋ ಸಾರು ತಳ ಹಿಡಿದ್ರೆ ಮುಚ್ಚಳ ತೆಗೀದೇ ಕುದಿಯೋ ಸದ್ದಲ್ಲೇ ಹೇಳ್ತಿದ್ದೋಳು ಸರ್ ನಾನು!"

ಪಕ್ಕದವರು ನಕ್ಕರು. ಒಡೆಟ್ ಗ್ರೈಂಡರ್ ಹಚ್ಚಿ, ಹೊಳೆಯುತ್ತಿದ್ದ ಬೆಸುಗೆಯನ್ನು ಕಿಡಿ ಹಾರಿಸುತ್ತ ಕೆರೆದಳು. ಎರಡನೆಯ ಪದರದ ಕೆಳಗೆ ಅಕ್ಕಿಕಾಳಿನಷ್ಟು ಕಪ್ಪು ತೂತು ಬಾಯಿ ತೆರೆಯಿತು. ನಗು ನಿಂತಿತು. ಅವಳು ಯಾರ ಮುಖವನ್ನೂ ನೋಡದೆ ಹೊಸ ರಾಡು ಸಿಕ್ಕಿಸಿ, ಬುಡದಿಂದ ಮತ್ತೆ ಬೆಸೆದು, ನಾಲ್ಕು ನಿಮಿಷ ಇರುವಾಗಲೇ ಮುಗಿಸಿದಳು.

ಫಾಂಟೆನೋ ಈ ಸಲ ಟಾರ್ಚು ಹಚ್ಚಲಿಲ್ಲ. ಪರೀಕ್ಷೆಯ ಹಾಳೆಯ ಮೇಲೆ ಪೆನ್ನು ಊರಿ ಅವಳನ್ನೇ ಕೇಳಿದರು: "ಏನಂತೀಯಮ್ಮ?"

"ಗಟ್ಟಿಯಾಗಿದೆ ಸರ್. ಸಹಿ ಹಾಕಿ."

ಅವರು ಹಾಕಿದರು.