ಬೇರೆ ಗಾಡಿಯ ಕಾಯಿಲ್

ನಡುಗುತ್ತ ಬಂದ ಕೆಂಪು ಕಾರು ಗ್ಯಾರೇಜಿನ ಮುಂದೆ ಆಫ್ ಆಯಿತು. ಇಳಿದವನಿಗೆ ವಿಪರೀತ ಅವಸರವಿತ್ತು.

ಮೆಕ್ಯಾನಿಕ್ ದಾವಲಸಾಬ ಬಾನೆಟ್ ಎತ್ತಿ ಎಂಜಿನ್‌ಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್‌ಗಳನ್ನು ಒಂದೊಂದಾಗಿ ನೋಡಿದ. ಕೊನೆಯದನ್ನು ಮುಟ್ಟಿದ ಕೈ ಅಲ್ಲೇ ನಿಂತಿತು.

"ಇದು ಬೇರೆ ಗಾಡಿ ಕಾಯಿಲ್ ಐತ್ರಿ. ಸರಿಯಾಗಿ ಕೂಡ್ರಲಿಲ್ಲಂತ ತಂತಿ ಸುತ್ಯಾರ. ಅದಕ್ಕ ಎಂಜಿನ್ ಮಿಸ್ಸಿಂಗ್ ಹೊಡದು ಗಾಡಿ ನಡಗಾಕತ್ತೈತಿ. ಯಾರು ಹಾಕಿದ್ರು?"

"ಯಾರೂ ಇಲ್ಲ. ಹೊಸಾದು ತಗೊಂಡಾಗಿಂದ ಗಾಡಿ ನನ್ನ ಹತ್ರಾನ ಐತಿ. ಲಗೂನ ಮಾಡು."

"ಸರಿಯಾದ ಕಾಯಿಲ್ ತರಸ್ತೀನ್ರಿ. ಅಲ್ಲೀತನಕ ಚಾ ಕುಡೀರಿ."

ಇಷ್ಟು ಹೇಳಿದ ದಾವಲಸಾಬ, ಕಳಚಿದ ಕಾಯಿಲನ್ನು ಜೇಬಿಗಿಳಿಸಿ ಒಳಗೆ ಹೋಗಿ ಪೊಲೀಸ್ ಠಾಣೆಗೆ ಫೋನ್ ಮಾಡಿದ.

"ಸಾಹೇಬ್ರ, ಬಣ್ಣ, ನಂಬರ್ ಎಲ್ಲಾ ಬದಲಾಗ್ಯಾವ್ರಿ. ಆದ್ರ ಈ ಕಾಯಿಲ್ ನಾನ ತಂತಿ ಸುತ್ತಿ ಹಾಕಿದ್ದು, ಕಾರು ಸಮೇತ ಕಾಣಿಯಾದ ನನ್ನ ತಮ್ಮನ ಗಾಡಿಗೆ."