ಬಣ್ಣದ ಕೆಳಗಿನ ಕಬ್ಬಿಣ

ಸೂರ್ಯನಿಂದ ಜ್ವಾಲೆ ಸಿಡಿದು ಮೊಬೈಲುಗಳೆಲ್ಲ ಮೂಕವಾದ ಮೇಲೆ, ಸಂಡೂರಿನ ಗುಡ್ಡಗಳಲ್ಲಿ ಓಡುವ ಜೀಪುಗಳಿಗೆ, ಟವರಿಲ್ಲದೆಯೂ ಮಾತು ಮುಟ್ಟಿಸುವ ಹ್ಯಾಮ್ ರೇಡಿಯೊ ಕೂರಿಸುವುದೇ ನನ್ನ ಕೆಲಸ. ಊರೂರು ಸುತ್ತುವ ಡಾಕ್ಟರಮ್ಮ ಎಲ್ಲಿದ್ದಾರೆಂದು ರೇಡಿಯೊದಲ್ಲೇ ಕೇಳಿ ತಿಳಿಯಬೇಕು.

ಆಯುಧಪೂಜೆಯ ಮರುದಿನ ಕೊಟ್ರೇಶಿ, ನಾನೇ ಹಿಂದೆ ರೇಡಿಯೊ ಕೂರಿಸಿಕೊಟ್ಟಿದ್ದ ತನ್ನ ಜೀಪು ತಂದ. ಹಿಂದಿನ ಸೀಟಿನಲ್ಲಿ ಅವನ ತುಂಬು ಬಸುರಿ ತಂಗಿ ನೋವು ತಿನ್ನುತ್ತಿದ್ದಳು.

“ರೇಡಿಯೊದಾಗ ನಮ್ಮ ಮಾತು ಯಾರಿಗೂ ಮುಟ್ಟವಲ್ದು ಅಮ್ಮಾ,” ಎಂದ ಕೊಟ್ರೇಶಿ.

ಆಂಟೆನಾದ ಬುಡ ಬಿಚ್ಚಿ ನೋಡಿದೆ. ಅರ್ಥ್ ವೈರು ಕೂರಲೆಂದು ನಾನು ಕೆರೆದು ಬಿಟ್ಟಿದ್ದ ಬರಿ ಕಬ್ಬಿಣಕ್ಕೂ ಹಬ್ಬದ ಕೆಂಪು ಬಣ್ಣ ಬಳಿಸಿದ್ದ; ಬಣ್ಣ ಅಡ್ಡವಾಗಿ ವೈರು ಕಬ್ಬಿಣಕ್ಕೆ ತಾಗುತ್ತಿರಲಿಲ್ಲ. ಉಪ್ಪುಕಾಗದ ತೆಗೆದೆ.

“ಕೆರೀಬ್ಯಾಡ್ರಿ, ನಿನ್ನೇನ ಪೂಜಿ ಮಾಡೇವಿ.”

“ಪೂಜಿ ಜೀಪಿಗೆ ಮಾಡೀಯೋ, ಬಣ್ಣಕ್ಕೋ?”

“ಕೆರೀರಿ ಅಮ್ಮಾ,” ಎಂದಳು ತಂಗಿ, ಹಲ್ಲು ಕಚ್ಚಿಕೊಂಡೇ. “ಹಂಗ ಅವನ ತಲಿನೂ ಒಂಚೂರು ಕೆರೀರಿ.”

ಕಬ್ಬಿಣ ಬೆಳ್ಳಗೆ ಹೊಳೆಯುವ ತನಕ ಕೆರೆದೆ. ಅವಸರ ಮಾಡಲಿಲ್ಲ, ಅರೆಬರೆ ಕೆರೆದರೆ ಮತ್ತೆ ಬಿಚ್ಚಬೇಕಾಗುತ್ತದೆ. ವೈರು ಸೇರಿಸಿ, ಬೋಲ್ಟು ಬಿಗಿದು, ಮೈಕು ಒತ್ತಿದೆ.

“ಡಾಕ್ಟರಮ್ಮಾ, ಎಲ್ಲಿದ್ದೀರಿ?”

“ತಾರಾನಗರದಾಗ,” ಎಂದಿತು ದನಿ, ಪಕ್ಕದಲ್ಲೇ ಕೂತಷ್ಟು ಸ್ಪಷ್ಟವಾಗಿ. “ಕರಕೊಂಡು ಬರ್ರಿ, ಕಾಯ್ತೀನಿ.”

ಕೊಟ್ರೇಶಿ ನನ್ನ ಕೈಯಿಂದ ಉಪ್ಪುಕಾಗದ ಇಸಿದುಕೊಂಡು ಜೀಪಿನೊಳಗಿನ ದೇವರ ಪಟದ ಪಕ್ಕ ಸಿಕ್ಕಿಸಿದ. ಆಮೇಲೆ ಗೇರು ಹಾಕಿದ.